ಕಟ್ಟಡದ ಶ್ರುತಿ

ಏನೂ ಕೇಳಿಸದಿದ್ದಾಗಲೂ ಗುಂಡಿ ಒತ್ತಿದ್ದು ಮೋಸವೋ ಬರೀ ಅಭ್ಯಾಸಬಲವೋ ಎಂದು ನೆವಿಲ್ ಟಾಂಕ್ಸ್ ಮತ್ತೊಮ್ಮೆ ತೂಗಿ ನೋಡುವಷ್ಟರಲ್ಲಿ ಬಸ್ಸು ವಿಲೆನ್‌ಹಾಲ್ ದಾಟಿ ವುಲ್ವರ್‌ಹ್ಯಾಂಪ್ಟನ್ನಿನ ದಾರಿ ಹಿಡಿದಿತ್ತು. ಮೇಲಂತಸ್ತಿನ ಎಡಗಡೆಯ ಕಿಟಕಿಗೆ ಎಡಗಿವಿ ಆನಿಸಿಕೊಂಡು ಕೂತಿದ್ದ. ಈಚೆಗೆ ಅವನು ಎಲ್ಲಿ ಕೂತರೂ ಹೀಗೆಯೇ: ಎಡಕ್ಕೆ ಗೋಡೆಯೋ ಕಂಬವೋ ಕಿಟಕಿಯೋ ಇರಬೇಕು, ಮನುಷ್ಯರು ಇರಬಾರದು. ಕಿವಿ ಪರೀಕ್ಷೆಗೆಂದು ಆಸ್ಪತ್ರೆಯ ಆ ಸ್ಪಂಜು ಹೊಡೆದ ಪುಟ್ಟ ಕೋಣೆಗೆ ಕಾಲಿಟ್ಟಾಗ ಮೊದಲು ಅವನಿಗೆ ಸ್ವಂತ ಮನೆಗೆ ಬಂದ ಹಾಗೇ ಆಗಿತ್ತು. ಸ್ಪಂಜು ಅಗ್ಗದ್ದು, ಮೂಲೆಗಳಲ್ಲಿ ಸರಿಯಾಗಿ ಕೂತಿಲ್ಲ ಎಂದು ಮನಸ್ಸಿನಲ್ಲೇ ತಪ್ಪು ಹುಡುಕಿ ಸ್ವಲ್ಪ ಬೀಗಿಯೂ ಇದ್ದ. "ಸದ್ದು ಕೇಳಿಸಿದ ಕೂಡ್ಲೇ ಒತ್ತಿ. ಎಷ್ಟು ಸಣ್ಣದಾದ್ರೂ ಪರ್ವಾಗಿಲ್ಲ" ಎಂದು ಕಿವಿಗೆ ಹೆಡ್‌ಫೋನು ಹಾಕಿ, ಕೈಗೆ ಗುಂಡಿ ಕೊಟ್ಟು, ಗಾಜಿನ ಆಚೆ ಹೋಗಿ ಕೂತಳು ಪರೀಕ್ಷೆ ಮಾಡುವ ಹುಡುಗಿ. ಎದೆಯ ಮೇಲಿನ ಚೀಟಿಯಲ್ಲಿ ಹರ್ಜೀತ್ ಸಹೋತ ಎಂದಿತ್ತು. ಬಲಗಿವಿಯಲ್ಲಿ ಒಂದಷ್ಟು ಪೀಪೀಗಳು ಬಂದವು, ಒತ್ತಿದ. ಆಮೇಲೆ ಬರಲಿಲ್ಲ. ಎಡಗಿವಿಯ ಸರದಿ ಬಂತೋ ಇಲ್ಲವೋ ಅದೂ ತಿಳಿಯಲಿಲ್ಲ. ನಲವತ್ತು ವರ್ಷ ಗುಂಡಿಗಳ ಮೇಲೇ ಬದುಕಿದ ಹೆಬ್ಬೆರಳು ಎಷ್ಟು ಹೊತ್ತು ಸುಮ್ಮನಿದ್ದೀತು? ಒತ್ತಿತು. ಮತ್ತೆ ಒತ್ತಿತು. ಹುಡುಗಿ ಬಾಗಿಲು ತೆರೆದು ಹೆಡ್‌ಫೋನು ತೆಗೆದಳು. "ಟಾಂಕ್ಸ್ ಅವ್ರೇ, ನಾನು ಏನೂ ಕಳಿಸ್ದೇ ಇದ್ದಾಗ್ಲೂ ಒತ್ತಿದ್ರಲ್ಲ?" "ಸಣ್ಣದಾಗಿ ಕೇಳಿಸ್ತಮ್ಮ." "ಸರಿಯಾಗಿ ನಾಲ್ಕು ಎಣಿಸಿ ಎಣಿಸಿ ಒತ್ತಿದ್ರಿ. ನಮ್ಮಪ್ಪ ಮದುವೆಗಳಲ್ಲಿ ಢೋಲ್ ಬಾರಿಸ್ತಾರೆ. ನಂಗೆ ಗೊತ್ತಾಗಲ್ವಾ?" ಅವಳು ನಗುತ್ತಲೇ ಹೇಳಿದ್ದಳು. ಅದಕ್ಕೇ ಅದು ಇನ್ನೂ ಚುಚ್ಚುತ್ತಿತ್ತು. "ಏನು ಕೆಲಸ ಮಾಡ್ತಿದ್ರಿ?" "ಶಬ್ದದ ಕೆಲ್ಸ." "ಫ್ಯಾಕ್ಟ್ರೀಲಾ?" ಹೂಂ ಎಂದ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಮೇಲಿನ ಸ್ವರಗಳೂ ತಳದವೂ ಕರಗಿ ಮನುಷ್ಯರ ಮಾತಿನಷ್ಟು ಮಾತ್ರ ಉಳಿದಿದೆ ಎಂದಳು. "ಒಳಗೆ ಏನಾದ್ರೂ ಸದ್ದು ಬರ್ತಾ ಇರುತ್ತಾ?" "ಗುಂಯ್ ಅನ್ನುತ್ತೆ." "ಒಳಗಿಂದ್ಲೋ ಹೊರಗಿಂದ್ಲೋ?" ಅದಕ್ಕೆ ಅವನು ಕೋಟು ಹುಡುಕುವವನಂತೆ ಎದ್ದುಬಿಟ್ಟಿದ್ದ.

ಒಳಗಿನದೋ ಹೊರಗಿನದೋ ಎಂಬ ಪ್ರಶ್ನೆಯನ್ನು ಅವನಿಗೆ ಅಷ್ಟು ಸಲೀಸಾಗಿ ಕೇಳಬಾರದಿತ್ತು. ಬದುಕೆಲ್ಲ ನಿಂತಿದ್ದೇ ಒಂದು ಗುಂಯ್ ಮೇಲೆ. ವಿಲೆನ್‌ಹಾಲ್ ಬೀಗ ಮಾಡುವವರ ಊರು, ಬೀಗುವವರ ಊರಲ್ಲ. ಅಲ್ಲಿನ ಒಂದು ಬೀಗದ ಕಾರ್ಖಾನೆಯ ಮಹಡಿಯನ್ನು ಅವನು, ಡೆರಿಕ್, ಮರ್ಲೀನ್ ಮೂವರೂ ಸೇರಿ ಸಂಗೀತ ತಂಡಕ್ಕೆಂದು ಬಾಡಿಗೆಗೆ ಹಿಡಿದಾಗ ಅವನಿಗೆ ಇಪ್ಪತ್ತೆರಡು. ಕೆಳಗೆ ಹಿತ್ತಾಳೆಗೆ ನಿಕ್ಕಲ್ ಬಳಿಯುವ ತೊಟ್ಟಿಗಳು, ಮೇಲೆ ಇವರು, ಇಬ್ಬರಿಗೂ ಒಂದೇ ಕರೆಂಟು. ಧ್ವನಿ ಬೆರೆಸುವ ಮಿಕ್ಸರ್ ಮೇಜಿಗೆ ಜೀವ ಬಂದ ಕೂಡಲೇ ಸ್ಪೀಕರುಗಳಲ್ಲಿ ಗುಂಯ್ ಎಂದು ಶುರುವಾಗುತ್ತಿತ್ತು. ಏನು ಮಾಡಿದರೂ ಹೋಗಲಿಲ್ಲ. ತಂತಿ ಬದಲಿಸಿದರು, ನೆಲಕ್ಕೆ ತಾಮ್ರದ ಸಲಾಕೆ ಹೊಡೆದರು, ದನಿ ಅಣಕಿಸುವ ಡೆರಿಕ್, ಪಾದ್ರಿಯ ದನಿಯಲ್ಲಿ ಭೂತ ಬಿಡಿಸಿಯೂ ನೋಡಿದ. ಕೊನೆಗೆ ಬೇಸ್ ಗಿಟಾರಿನ ಮರ್ಲೀನ್, "ಅದು ಹೋಗಲ್ಲ ಅಂದ್ರೆ ನಾವೇ ಅದರ ಹತ್ರ ಹೋಗೋಣ" ಎಂದು ತಂತಿಯನ್ನು ಆ ಗುಂಯ್‌ಗೇ ತಂದು ಕೂರಿಸಿದಳು. ಪಿಯಾನೋದ ಎರಡು ಮನೆಗಳ ನಡುವಿನ ಸಂದಿಯಲ್ಲಿ, ಯಾವ ಮನೆಗೂ ಸೇರದ ಸ್ವರ ಅದು. ಅದರ ಮೇಲೇ ಹಾಡು ಕಟ್ಟಿದರು; ಕಟ್ಟಿದ ಮೇಲೆ ನೆವಿಲ್ ಮೇಜಿನ ಮುಂದೆ ಕೂತು ಒಂದೊಂದೇ ಗುಂಡಿ ಒತ್ತಿ ಹಾಡಿನೊಳಗಿಂದ ಹಾಡನ್ನೇ ತೆಗೆದುಹಾಕುತ್ತಿದ್ದ. ದನಿ ಹೋಯಿತು, ಗಿಟಾರು ಹೋಯಿತು, ಉಳಿದದ್ದು ಬೇಸು, ಡೆರಿಕ್‌ನ ಯಂತ್ರದಲ್ಲಿ ಮುದ್ರಿಸಿಟ್ಟು ಬಡಿಸುವ ಕಾರ್ಖಾನೆಯ ಸುತ್ತಿಗೆ ಸದ್ದು, ಮತ್ತು ಹೋದವರ ನೆರಳಿನಂಥ ಪ್ರತಿಧ್ವನಿ. ಜಮೈಕಾದ ಡಬ್ ಸಂಗೀತದವರಿಂದ ಕಲಿತದ್ದು ಅರ್ಧ, ಬೀಗದವರಿಂದ ಕದ್ದದ್ದು ಅರ್ಧ. ಬಾಗಿಲ ಮರದೊಳಗೆ ಹೂತಿಡುವ ಬೀಗದ ಹೆಸರನ್ನೇ ತಂಡಕ್ಕೂ ಇಟ್ಟರು: ಮಾರ್ಟಿಸ್. ಜನ ಕುಣಿದರು. ಬರ್ಲಿನ್ನಿನ ಒಬ್ಬ ಪ್ರೊಫೆಸರು, ಈ ಸಂದಿಯ ಸ್ವರ ಬಂಡವಾಳಶಾಹಿಯ ಮೆಟ್ಟಿಲುಗಳನ್ನು ಏರಲು ಒಲ್ಲದ ದುಡಿಯುವ ವರ್ಗದ ಪ್ರತಿಭಟನೆ ಎಂದು ಬರೆದ. ಡೆರಿಕ್ ಅದನ್ನು ವ್ಯಾನಿನಲ್ಲಿ ಪ್ರೊಫೆಸರನ ಮೂಗಿನ ದನಿಯಲ್ಲೇ ಓದಿ ಓದಿ, ಹಾಲೆಂಡ್ ಮುಗಿಯುವವರೆಗೆ ಯಾರಿಗೂ ನಿದ್ದೆ ಮಾಡಲು ಬಿಡಲಿಲ್ಲ.

ಹೀಗೆ ಒಂದು ಪದ್ಧತಿಯಾಯಿತು. ಯಾವ ಊರಿನ ಯಾವ ಕಾರ್ಯಕ್ರಮದ ಹಾಲಿಗೆ ಹೋದರೂ ಮೊದಲು ಎಲ್ಲರೂ ಬಾಯಿ ಮುಚ್ಚಬೇಕು. ನೆವಿಲ್ ಅಂಗೈಯನ್ನು ಮೇಜಿನ ಮೇಲಿಟ್ಟು ಆ ಕಟ್ಟಡದ ಗುಂಯ್‌ಗೆ ಕಿವಿಗೊಡುತ್ತಾನೆ. ಅದನ್ನೇ ಬಾಯಿಮುಚ್ಚಿ ಗುನುಗುತ್ತಾನೆ. ಮರ್ಲೀನ್ ತಂತಿಯನ್ನು ಅದರ ಸಮೀಪಕ್ಕೆ ತರುತ್ತಾಳೆ. ಎರಡು ಸ್ವರಗಳು ಹತ್ತಿರ ಬಂದು ಇನ್ನೂ ಕೂಡದೇ ಇದ್ದಾಗ ಗಾಳಿಯಲ್ಲಿ ವಾಂ, ವಾಂ ಎಂದು ಒಂದು ಅಲೆ ಏಳುತ್ತದೆ, ಹತ್ತಿರವಾದಷ್ಟೂ ನಿಧಾನವಾಗುತ್ತದೆ, ಕೂಡಿದ ಗಳಿಗೆಯಲ್ಲಿ ಸತ್ತುಹೋಗುತ್ತದೆ. ಆ ಗಳಿಗೆಗೆ ನೆವಿಲ್ ತಲೆಯಾಡಿಸಬೇಕು. ಅವನು ತಲೆಯಾಡಿಸದೆ ಮಾರ್ಟಿಸ್ ಎಂದೂ ಶುರುವಾದದ್ದಿಲ್ಲ. ಅಮೆರಿಕಾದಲ್ಲಿ ಕರೆಂಟಿನ ಗುಂಯ್ಯೇ ಬೇರೆ, ಬೇಸಿನ ಮೂರು ಮನೆಗಳಷ್ಟು ಮೇಲೆ ಎಂಬುದು ಇವರಿಗೆ ತಿಳಿದದ್ದು ಶಿಕಾಗೋದಲ್ಲಿ, ಅದೂ ಮರ್ಲೀನ್ ಬಿಗಿದ ತಂತಿ ಕಿತ್ತುಹೋಗಿ ಅವಳ ಗಲ್ಲಕ್ಕೆ ಬಾರಿಸಿದ ಮೇಲೆ. ಶ್ರುತಿ ಯಂತ್ರ ತಂದು ಮೊದಲಿನದಕ್ಕೇ ಇಳಿಸಬಹುದಿತ್ತು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಟ್ಟಡ ಹೇಳಿದ ಹಾಗೆ ಕೇಳುವುದೇ ಧರ್ಮವೆಂದು ತೆಳುವಾದ ತಂತಿ ಹಾಕಿಕೊಂಡು, ಡೆರಿಕ್‌ನ ಸುತ್ತಿಗೆಗಳನ್ನೂ ಅಷ್ಟೇ ಮೇಲಕ್ಕೆಳೆದು, ಇಡೀ ದೇಶವನ್ನು ಇಲಿಗಳ ಮೆರವಣಿಗೆಯ ಹಾಗೆ ಕೀಚಲಾಗಿ ಬಾರಿಸಿಕೊಂಡು ಬಂದರು. ಅಲ್ಲಿನ ಪತ್ರಿಕೆಗಳು ಇದು ಮಾರ್ಟಿಸ್‌ನ ಹೊಸ ಘಟ್ಟ ಎಂದು ಬರೆದವು.

ಬಸ್ಸಿಳಿದು ಅಂದಿನ ಕಾರ್ಯಕ್ರಮದ ಹಾಲಿನ ಕಡೆ ನಡೆಯುವಾಗ ನೆವಿಲ್‌ನ ತಲೆಯಲ್ಲಿ ಗುಂಯ್ ಇತ್ತು. ಅವನ ಲೆಕ್ಕ ಸರಳ. ಮಧ್ಯಾಹ್ನ ಸೌಂಡ್ ಚೆಕ್, ಸಂಜೆ ಕಾರ್ಯಕ್ರಮ, ಇಷ್ಟು ವರ್ಷಗಳ ಮೇಲೆ ಮೂವರೂ ಒಟ್ಟಿಗೆ. ಅಲ್ಲಿಯವರೆಗೆ ಯಾರಿಗೂ ತಿಳಿಯದಿದ್ದರೆ ಮೇಜು ಅವನದು, ತಿಳಿದರೆ ಅಲ್ಲ. ಹಾಡುಗಳು ಕೈಗೆ ಬಾಯಿಪಾಠವಿವೆ. ಯಾವ ಪದಕ್ಕೆ ಯಾವ ಗುಂಡಿ ಎಂದು ಕಿವಿಯಿಲ್ಲದೆಯೂ ಬೆರಳಿಗೆ ಗೊತ್ತು. ಬಿಲ್‌ಸ್ಟನ್ನಿನ ಮರ್ಲೀನಳ ಚರ್ಚಿನ ಕೋಣೆಯಲ್ಲಿ ನಡೆದ ಅಭ್ಯಾಸಗಳಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಅಲ್ಲಿ ಒಂದು ಮುದಿ ಫ್ರಿಜ್ಜು ಅಂಗೈಗೆ ತಾಕುವಷ್ಟು ಗುಂಯ್‌ಗುಟ್ಟಿ ಅವನ ಮಾನ ಕಾದಿತ್ತು.

ಹಾಲಿನ ಬಾಗಿಲಲ್ಲೇ ಡೆರಿಕ್ ಹಿಂಗ್ಲಿ ಸಿಕ್ಕಿದ. ತಂಡ ಮುರಿದ ಮೇಲೆ ಡೆರಿಕ್ ದನಿ ಮಾರಿಕೊಂಡು ಬದುಕಿದವನು. ಈ ಪ್ರಾಂತ್ಯದ ಅರ್ಧದಷ್ಟು ಲಿಫ್ಟುಗಳಲ್ಲಿ ಬಾಗಿಲು ಮುಚ್ಚುವುದು ಅವನ ಮಾತಿಗೇ. "ಬಾಗಿಲು ತೆರೆಯುತ್ತಿದೆ" ಎಂದ ಅದೇ ಲಿಫ್ಟಿನ ದನಿಯಲ್ಲಿ. "ದಯವಿಟ್ಟು ಮುದುಕರಿಗೆ ದಾರಿ ಬಿಡಿ." ಅವನು ಎಡಗಡೆಯಿಂದ ಏನೋ ಇನ್ನೊಂದು ಹೇಳಿದ. ನೆವಿಲ್ ಸುಮ್ಮನೆ ನಕ್ಕ. "ನಗ್ತೀಯಲ್ಲೋ, ನಮ್ಮ ಕಾರಿಗೆ ಹಿಂದಿಂದ ಗುದ್ದಿದ್ರು ಅಂದ್ರೆ!" "ನಿನ್ನ ಕಾರಲ್ವಾ, ಅದಕ್ಕೇ ನಕ್ಕೆ" ಎಂದು ಹೇಗೋ ದಾಟಿಸಿದ. ಬಚಾವಾದೆನೆಂಬ ಸಮಾಧಾನದ ಜೊತೆಗೇ, ಇನ್ನು ಮುಂದೆ ಬದುಕೆಂದರೆ ಇದೇ, ಬೇರೆಯವರ ತುಟಿ ನೋಡಿ ನಗುವುದು ಅಳುವುದು ಅಂದಾಜು ಮಾಡುವುದು ಎಂಬ ಬೇಸರವೂ ಬಂತು. ಚಿಕ್ಕಂದಿನಲ್ಲಿ ಚಿಕ್ಕಪ್ಪನೊಬ್ಬ ಸುತ್ತಿಗೆ ಬಡಿಯುವ ಕಾರ್ಖಾನೆಯಲ್ಲಿ ದುಡಿದು ಕಿವುಡಾಗಿ ಮನೆಮಂದಿಯ ನಡುವೆ ಮುಗುಳ್ನಗೆ ಅಂಟಿಸಿಕೊಂಡು ಕೂತಿರುತ್ತಿದ್ದ. ಬಹಳ ಒಳ್ಳೆಯವನು ಎನ್ನುತ್ತಿದ್ದರು ಎಲ್ಲರೂ. ಒಳ್ಳೆಯವನೋ, ಏನು ಕತೆಯೋ, ಯಾರಿಗೆ ಗೊತ್ತಿತ್ತು.

ಮರ್ಲೀನ್ ಗೇಲ್ ವೇದಿಕೆಯ ಅಂಚಿನಲ್ಲಿ ಕೂತು ಕಾಗದದ ಪೊಟ್ಟಣ ಬಿಚ್ಚುತ್ತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದೊಡ್ಡ ಪಾತ್ರೆ ಎತ್ತಿದ ತೋಳುಗಳು. ತಂತಿ ಮೀಟಲೂ ಅವೇ. "ಬಾ, ಬನ್ನು ಚೀಸು ತಿನ್ನು. ಮುಖ ಏನು ಬಿಳಿಚಿಕೊಂಡಿದೆ? ಮೊದಲೇ ಬಿಳಿಯ." "ನಿದ್ದೆ ಬರ್ಲಿಲ್ಲ." "ಬರಬಾರದು. ಬಂದ್ರೆ ಕಲಾವಿದ ಅಲ್ಲ ಅಂತ ಅರ್ಥ" ಎಂದ ಡೆರಿಕ್, ಈಗ ಬರ್ಲಿನ್ನಿನ ಪ್ರೊಫೆಸರಾಗಿ. ಮೇಜಿನ ಬಳಿ ಆ ಹಾಲಿನ ಶಬ್ದ ನೋಡಿಕೊಳ್ಳುವ ಹೆಂಗಸು ಬ್ರಾನ್ವೆನ್ ಇದ್ದಳು, ನಲವತ್ತರ ಆಸುಪಾಸು, ವೇಲ್ಸ್ ಕಡೆಯವಳು. ನೆವಿಲ್‌ನ ಕೈ ಕುಲುಕಿ, ನಿಮ್ಮ ರೆಕಾರ್ಡು ಕೇಳಿಯೇ ನಾನು ಈ ಕೆಲಸಕ್ಕೆ ಬಂದದ್ದು ಎಂದಳು. ಒಳ್ಳೆಯ ಮಾತು. ಅವನಿಗೆ ಅದು ಬೇಕಾಗಿರಲಿಲ್ಲ. ಅವಳು ಬಲಗಡೆಯೇ ನಿಂತಿರಲಿ ಎಂಬುದಷ್ಟೇ ಬೇಕಾಗಿತ್ತು.

"ಸರಿ, ಎಲ್ರೂ ಬಾಯಿಗೆ ಬೀಗ" ಎಂದು ಡೆರಿಕ್ ಪಾದ್ರಿಯ ದನಿ ತೆಗೆದ. "ನಮ್ಮ ಪೂಜ್ಯರು ಈಗ ಕಟ್ಟಡದ ಮಾತು ಕೇಳ್ತಾರೆ." ಸಾಮಾನು ಹೊರುವವರೂ ನಿಂತಲ್ಲೇ ನಿಂತರು. ನೆವಿಲ್ ಅಂಗೈಯನ್ನು ಮೇಜಿನ ತಣ್ಣನೆಯ ತಗಡಿನ ಮೇಲಿಟ್ಟ. ಗುಂಯ್ ಇತ್ತು. ಸ್ಪಷ್ಟವಾಗಿ, ಹಳೆಯ ಗೆಳೆಯನ ಹಾಗೆ ಇತ್ತು. ಗುನುಗಿದ. ಮರ್ಲೀನ್ ತಂತಿ ಮೀಟುತ್ತ ಕಿವಿ ಹಿಂಡಿದಂತೆ ಬಿರಟೆ ತಿರುಗಿಸತೊಡಗಿದಳು. ಶ್ರುತಿ ಮಾಡುವಾಗಿನ ಸಣ್ಣ ಸದ್ದು, ಅವನ ಬಲಗಿವಿಗೆ ಮಂಜಿನೊಳಗಿಂದ ಬಂದಷ್ಟೇ ಬಂತು. ಅಲೆಗಾಗಿ ಕಾದ. ಬರಲಿಲ್ಲ. ಅವಳು ಇನ್ನಷ್ಟು ಬಿಗಿದಳು, ಆಮೇಲೆ ಸಡಿಲಿಸಿದಳು. ಎಲ್ಲಿಗೆ ತಂದರೂ ಅಲೆ ಏಳಲಿಲ್ಲ. ಗಾಳಿಯಲ್ಲಿರುವ ಎರಡು ಸದ್ದುಗಳ ನಡುವೆ ಮಾತ್ರ ಅಲೆ ಏಳುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಗೈಯ ಕೆಳಗಿನ ತಗಡು ನಡುಗುತ್ತಿಲ್ಲ ಎಂಬುದೂ ಆಗಲೇ ಗಮನಕ್ಕೆ ಬಂತು. ಹಾಗಾದರೆ ಇದು ಕಟ್ಟಡವಲ್ಲ, ತಾನು. ಹರ್ಜೀತ್ ಸಹೋತಳ ಪ್ರಶ್ನೆಗೆ ಉತ್ತರ ಇಷ್ಟು ಜನರೆದುರು ಸಿಗಬೇಕಿತ್ತೇ ಎಂದುಕೊಳ್ಳುತ್ತ ಅವನು ತಲೆಯಾಡಿಸಿದ.

ಬ್ರಾನ್ವೆನ್ ಮುಂದೆ ಬಾಗಿದಳು. "ತಪ್ಪು ತಿಳೀಬೇಡಿ. ನಿಮಗೆ ಏನು ಕೇಳಿಸ್ತಾ ಇದೆ? ಕಳೆದ ವರ್ಷ ಇಡೀ ಹಾಲಿಗೆ ಹೊಸ ವೈರಿಂಗ್ ಮಾಡಿಸಿದ್ವಿ. ಇಲ್ಲಿ ಗುಂಯ್ಯೇ ಇಲ್ಲ. ಮೀಟರ್ ನೋಡಿ, ಕಡ್ಡಿ ಮಲಗಿದೆ."

"ನಮ್ಮ ನೆವಿಲ್‌ಗೆ ಮೀಟರ್ ಬೇಡಮ್ಮ" ಎಂದ ಡೆರಿಕ್. "ಇವನು ಮಲಗಿದ ಕಡ್ಡೀನೂ ಗೊರಕೆ ಹೊಡೆಯೋದು ಕೇಳಿಸ್ಕೋತಾನೆ." ಯಾರೋ ನಕ್ಕರು. ನೆವಿಲ್ ಕೂಡ ನಕ್ಕ. ಚಿಕ್ಕಪ್ಪನ ನಗೆ ತನ್ನ ಮುಖಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ಎನಿಸಿತು.

ಮರ್ಲೀನ್ ಮಾತ್ರ ನಗಲಿಲ್ಲ. "ನನಗೆ ಇನ್ನೂ ಕೂತಿಲ್ಲ ಅನ್ಸುತ್ತೆ. ಇನ್ನೊಂದ್ಸಲ ನೋಡೋಣ" ಎಂದಳು. ಅವನು ಮತ್ತೆ ಅಂಗೈಯಿಟ್ಟ. ಈಗ ಕಿವಿ ಬಿಟ್ಟು ಕಣ್ಣಿನಿಂದ ಕೇಳತೊಡಗಿದ. ಅವಳ ಬಲಗೈ ತಂತಿಯ ಮೇಲೆ ಬೀಳುತ್ತಿತ್ತು, ಎಡಗೈ ಬಿರಟೆಯ ಮೇಲೆ ಕೂದಲೆಳೆಯಷ್ಟು ತಿರುಗುತ್ತಿತ್ತು. ಹುಬ್ಬು ಮೇಲೇರಿತು, ಇಳಿಯಿತು. ಕಣ್ಣು ಅರ್ಧ ಮುಚ್ಚಿ, ಇನ್ನೇನು ಸಿಕ್ಕಿತು ಎನ್ನುವಾಗ ಮಾಡುವ ಹಾಗೆ ಕೆಳದುಟಿ ಕಚ್ಚಿದಳು. ಈ ಕಚ್ಚುವುದನ್ನು ಅವನು ಲೀಡ್ಸ್‌ನಲ್ಲಿ, ಗೆಂಟ್‌ನಲ್ಲಿ, ಶಿಕಾಗೋದಲ್ಲಿ ನೋಡಿದ್ದ. ಬೇಸು ತೆಳ್ಳಗೆ ಕೇಳಿಸಿದಂತೆಯೂ ಆಯಿತು. ತಲೆಯಾಡಿಸಿದ.

ಮರ್ಲೀನ್ ಕೈ ತೆಗೆದಳು. "ನೆವ್" ಎಂದಳು ಮೆತ್ತಗೆ, ಆದರೆ ಅವನ ಕಡೆ ನೇರವಾಗಿ ಮುಖ ಮಾಡಿ, ತುಟಿ ಕಾಣುವ ಹಾಗೆ. "ವಾಲ್ಯೂಮು ಸೊನ್ನೇಲಿದೆ. ನಾನು ಬಾರಿಸಿದ ಹಾಗೆ ನಟಿಸ್ತಾ ಇದ್ದೆ."

ಹೆಬ್ಬೆರಳಿನಲ್ಲಿ ಆಸ್ಪತ್ರೆಯ ಗುಂಡಿ ಇನ್ನೂ ಇದ್ದ ಹಾಗಿತ್ತು. ಸಾಮಾನಿನವರಲ್ಲಿ ಒಬ್ಬ ಕೇಬಲ್ಲು ಸುತ್ತುವ ನೆವ ಮಾಡಿ ಆಚೆ ತಿರುಗಿದ. ಡೆರಿಕ್ ಈಗ ಯಾವುದಾದರೂ ದನಿ ತೆಗೆಯುತ್ತಾನೆ, ಪಾದ್ರಿಯದೋ ಲಿಫ್ಟಿನದೋ, ಎಂದು ನೆವಿಲ್ ಕಾದ. ಡೆರಿಕ್‌ನ ಬಾಯಿ ತೆರೆದೇ ಇತ್ತು. ಅದರಲ್ಲಿ ಯಾರೂ ಇರಲಿಲ್ಲ.

"ಎಡಗಿವಿ ಪೂರ್ತಿ ಹೋಗಿದೆ" ಎಂದ ನೆವಿಲ್. "ಬಲಗಿವೀಲಿ ಮಾತು ಕೇಳಿಸುತ್ತೆ. ಮೇಲಿನ ಸ್ವರ ಕೇಳಿಸಲ್ಲ, ಬೇಸು ಸರಿಯಾಗಿ ಕೇಳಿಸಲ್ಲ. ಗುಂಯ್ ನನ್ನ ತಲೆಯೊಳಗಿಂದು."

"ಯಾವಾಗಿಂದ?" ಡೆರಿಕ್‌ನ ಸ್ವಂತ ದನಿ ಇದು. ಇಷ್ಟು ಸಣ್ಣದೆಂದು ನೆವಿಲ್‌ಗೆ ಮರೆತೇಹೋಗಿತ್ತು.

"ಚಳಿಗಾಲದಿಂದ."

"ಹೇಳೋದಲ್ವೇನೋ."

"ಹೇಳಿದ್ರೆ ನೀನು ಮೇಜಿಗೆ ಬೇರೆಯವ್ರನ್ನ ಕೂರಿಸ್ತಿದ್ದೆ."

"ಕೂರಿಸ್ತಿದ್ದೆ" ಎಂದ ಡೆರಿಕ್.

"ಮತ್ತೆ?"

ಇಷ್ಟೇ ಆದದ್ದು. ಆಕಾಶ ಕಳಚಿಬೀಳಲಿಲ್ಲ. ಬ್ರಾನ್ವೆನ್ ಮೇಜಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು, ಅವನ ಜಾಗ ಅವನಿಗೇ ಇರಲೆನ್ನುವಂತೆ. ಆ ಮರ್ಯಾದೆಯಿಂದಲೇ ಜಾಗ ಇನ್ನು ತನ್ನದಲ್ಲ ಎಂದು ಅವನಿಗೆ ತಿಳಿಯಿತು. ಎದ್ದ. ಕುರ್ಚಿಯ ಎತ್ತರ ಅವಳಿಗೆ ಸರಿಹೋಗುವಂತೆ ಅಡಿಯ ಸನ್ನೆಗೋಲು ಎಳೆದು ಇಳಿಸಿದ. "ಮೂರನೇ ಹಾಡಲ್ಲಿ ದನಿ ಅಳಿಸೋದಿದೆಯಲ್ಲ, ಪೂರ್ತಿ ಅಳಿಸ್ಬೇಡ. ಪ್ರತಿಧ್ವನಿಯ ಬಾಲ ಬಿಡು" ಎಂದ. "ಗೊತ್ತು" ಎಂದಳು ಅವಳು, ಕಣ್ಣು ಕೆಳಗೆ ಹಾಕಿ. ಅವಳಿಗೆ ನಿಜಕ್ಕೂ ಗೊತ್ತಿತ್ತು. ಅವನ ಕೈಗಳಿಗೆ ಮಾಡಲು ಏನೂ ಇರಲಿಲ್ಲ, ಕೋಟಿನ ಜೇಬಿಗೆ ಹೋದವು. ಅಲ್ಲಿ ನಿನ್ನೆಯ ಹುರಿದ ಹಂದಿತೊಗಲಿನ ಪೊಟ್ಟಣವಿತ್ತು. ಒಂದನ್ನು ಬಾಯಿಗೆ ಹಾಕಿಕೊಂಡ. ತಲೆಬುರುಡೆಯೊಳಗೆ ಕರುಂ ಕುರುಂ ಎಂದು ಭರ್ಜರಿ ಸದ್ದಾಯಿತು. ಇದೊಂದು ಪರವಾಗಿಲ್ಲ ಎಂದುಕೊಂಡ.

"ಎಲ್ಲ ಸರಿ" ಎಂದಳು ಮರ್ಲೀನ್ ವೇದಿಕೆಯ ಮೇಲಿನಿಂದ. "ನಾನೀಗ ಯಾವುದಕ್ಕೆ ಶ್ರುತಿ ಮಾಡ್ಲಿ? ಈ ಕಟ್ಟಡ ಮೂಗಿ."

"ಯಂತ್ರ ಇದೆಯಲ್ಲ" ಎಂದ ಡೆರಿಕ್. "ಕ್ಲಿಪ್ಪು ಹಾಕ್ಕೊಂಡ್ರೆ ಆಯ್ತು."

"ಇಷ್ಟು ವರ್ಷ ನಿಯತ್ತಾಗಿದ್ದು ಈಗ ಕ್ಲಿಪ್ಪಿನ ಜೊತೆ ಓಡಿಹೋಗ್ಲಾ? ನಂಗೆ ಇವನ ಬಾಯಿಂದ್ಲೇ ಬೇಕು." ನೆವಿಲ್‌ನ ಕಡೆ ಬೆರಳು ಮಾಡಿದಳು. "ಬಾರೋ ಇಲ್ಲಿ. ನಿನ್ನ ಗುಂಯ್ ಇನ್ನೂ ಇದೆ ತಾನೇ?"

"ಅದೆಲ್ಲಿ ಹೋಗುತ್ತೆ."

"ಹಾಗಾದ್ರೆ ಹೊರಗೆ ತಾ. ಬ್ರಾನ್ವೆನ್, ಇವನಿಗೊಂದು ಮೈಕ್ ಕೊಡಮ್ಮ. ಜೋರಾಗಿ, ಎಲ್ಲಾ ಸ್ಪೀಕರಿಗೂ. ನಾನೂ ಪೂರ್ತಿ ಎತ್ತಿ ಬಾರಿಸ್ತೀನಿ."

ತಂಡದ ಇಷ್ಟು ವರ್ಷಗಳಲ್ಲಿ ನೆವಿಲ್ ಮೈಕಿನ ಮುಂದೆ ನಿಂತವನಲ್ಲ. ಬೇರೆಯವರ ದನಿ ಅಳಿಸುವುದು ಅವನ ಕೆಲಸವಾಗಿತ್ತು. ವೇದಿಕೆಯ ಮೆಟ್ಟಿಲು ಹತ್ತಿ ನಿಂತಾಗ, ತಂಡಕ್ಕೆ ಹಾಡಿ ದನಿ ಅಳಿಸಿಕೊಂಡ ಎಷ್ಟೊಂದು ಹಾಡುಗಾರರು ಎದುರಿನ ಕತ್ತಲ ಕುರ್ಚಿಗಳಲ್ಲಿ ಕೂತು ಈಗ ನಿನ್ನ ಸರದಿ ಎನ್ನುತ್ತಿರುವಂತೆ ಕಂಡಿತು. ಬಾಯಿ ಮುಚ್ಚಿ, ತಲೆಯೊಳಗಿನದನ್ನು ಹುಡುಕಿ, ಗುನುಗಿದ. ಮೊದಲು ನಡುಗಿತು, ಮುದುಕನ ಗಂಟಲು. ಆಮೇಲೆ ಬ್ರಾನ್ವೆನ್ ಏನೋ ಮೇಲಕ್ಕೆ ತಳ್ಳಿದಳು. ಅದು ಕಿವಿಗೆ ಬರಲಿಲ್ಲ, ಅಂಗಾಲಿಗೆ ಬಂತು. ವೇದಿಕೆಯ ಹಲಗೆಗಳು ಗುಂಯ್‌ಗುಟ್ಟತೊಡಗಿದವು. ಇಷ್ಟು ದಿನ ತನ್ನೊಬ್ಬನದೇ ಆಗಿದ್ದದ್ದು ಹೊರಗೆ ನಿಂತಿತ್ತು, ಬೆತ್ತಲೆಯಾಗಿ, ಸಾಮಾನು ಹೊರುವವರಿಗೂ ಕೇಳಿಸುವಂತೆ. ಡೆರಿಕ್ ತನ್ನ ಯಂತ್ರದ ಹಳೆಯ ಸುತ್ತಿಗೆಯನ್ನು ಅದರ ಪಕ್ಕದಲ್ಲಿ ಓಡಿಸಿ ನೋಡಿ ಕೈಯೆತ್ತಿದ. ನೆವಿಲ್ ನಿಲ್ಲಿಸಿದ.

"ಕೆಳಗಿದೆ" ಎಂದ ಡೆರಿಕ್. "ನಿನ್ನ ಗುಂಯ್ ನಮ್ಮ ಹಳೇ ಗುಂಯ್ ಅಲ್ಲ. ಒಂಚೂರು ಇಳಿದಿದೆ. ನನ್ನ ಸುತ್ತಿಗೆಗೆ ಹೊಂದಲ್ಲ."

ಹಾಗಾದರೆ ಅದೂ ಹೋಯಿತು. ನೆವಿಲ್ ಮೈಕನ್ನು ಕಂಬಕ್ಕೆ ಸಿಕ್ಕಿಸಿದ. ಹಳೆಯ ಗೆಳೆಯ ಎಂದುಕೊಂಡದ್ದು ಯಾರೋ ಪರಕೀಯ, ಗೆಳೆಯನ ಅಣಕು ಮಾಡಿಕೊಂಡು ಇಷ್ಟು ದಿನ ಮನೆಯಲ್ಲೇ ಉಂಡುಕೊಂಡಿದ್ದವನು. ಮರ್ಲೀನ್ ಡೆರಿಕ್‌ನನ್ನೇ ನೋಡುತ್ತಿದ್ದಳು. ಡೆರಿಕ್ ಯಂತ್ರದ ಮೇಲೆ ಬಾಗಿದ, ತಲೆ ಕೆರೆದುಕೊಂಡ.

"ಎಲ್ಲಿಗೆ ಹೊರಟೆ, ಮೈಕ್ ಹಿಡಿ" ಎಂದ ತಲೆಯೆತ್ತದೆ. "ಶಿಕಾಗೋದಲ್ಲಿ ಎಲ್ಲಾನೂ ಮೇಲೆ ಎಳೀಲಿಲ್ವಾ? ಇದು ಇನ್ನೊಂದು ದೇಶದ ಕರೆಂಟು, ಅಷ್ಟೇ. ನನ್ನ ಸುತ್ತಿಗೇನ ಒಂಚೂರು ಇಳಿಸ್ತೀನಿ. ಹೂಂ, ಗುನುಗು."

ಅವನು ಗುನುಗಿದ. ಡೆರಿಕ್‌ನ ಬೆರಳಲ್ಲಿ ಯಂತ್ರದ ಒಂದು ಗುಬಟು ನಿಧಾನವಾಗಿ ತಿರುಗಿ, ಸುತ್ತಿಗೆಗಳು ದಣಿದ ಮನುಷ್ಯರ ಹಾಗೆ ತುಸು ಕೆಳಗಿಳಿದವು. ಮರ್ಲೀನ್ ತಂತಿ ಮೀಟಿದಳು, ಈ ಸಲ ನಿಜಕ್ಕೂ. ಅಂಗಾಲಿನಲ್ಲಿ, ಮೊಣಕಾಲಿನ ಚಿಪ್ಪಿನಲ್ಲಿ, ಕೋಟಿನ ಜೇಬಿನ ಪೊಟ್ಟಣದಲ್ಲಿ, ಕೊನೆಗೆ ಎದೆಗೂಡಿನಲ್ಲಿ ಅಲೆ ಎದ್ದಿತು. ವಾಂ, ವಾಂ, ವಾಂ. ಅವಳು ಬಿರಟೆ ತಿರುಗಿಸುತ್ತ ಕೆಳದುಟಿ ಕಚ್ಚಿದಳು. ಅವನು ಅವಳ ತುಟಿ ನೋಡಬಾರದೆಂದು ಕಣ್ಣು ಮುಚ್ಚಿಕೊಂಡ. ಅಲೆ ನಿಧಾನವಾಯಿತು. ಉಸಿರು ಮುಗಿಯುತ್ತಿತ್ತು, ಇನ್ನೂ ಇಲ್ಲ, ಇನ್ನೂ ಇಲ್ಲ. ಒಂದು ಅಲೆ ಬಹಳ ಹೊತ್ತು ಮೇಲಕ್ಕೇರಿ, ಇಳಿಯುವುದನ್ನೇ ಮರೆತಂತೆ ಅಲ್ಲೇ ನಿಂತಿತು.

ಅವನು ತಲೆಯಾಡಿಸಿದ.